ಈಡು ತುಂಬಿದ ಕೋವಿ, ಹೊತ್ತಿ ಉರಿಯುವ ಮನೆ: ಬಾಸ್ಟನ್‌ನ 1783ರ ಮದ್ದಿನ ಕಾನೂನು

1783ರ ಮಾರ್ಚ್ 1ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆ ಬಾಸ್ಟನ್ ಪಟ್ಟಣವೊಂದಕ್ಕೇ ಅನ್ವಯಿಸುವ ಪುಟ್ಟ ಕಾನೂನೊಂದನ್ನು ಮಾಡಿತು. ಈಡು ತುಂಬಿದ ಕೋವಿಯನ್ನಾಗಲಿ ಫಿರಂಗಿಯನ್ನಾಗಲಿ ಪಟ್ಟಣದ ಯಾವ ಮನೆ, ಲಾಯ, ಕೊಟ್ಟಿಗೆ, ಉಗ್ರಾಣ, ಅಂಗಡಿಯೊಳಕ್ಕೂ ಒಯ್ಯಕೂಡದು. ಒಯ್ದವರಿಗೆ 10 ಪೌಂಡ್ ದಂಡ. ಒಳಗೆ ಅಂಥದ್ದು ಸಿಕ್ಕರೆ ಜಪ್ತಿ, ನ್ಯಾಯಾಲಯ ಒಪ್ಪಿದರೆ ಹರಾಜು. ಜಪ್ತಿ ಮಾಡುವ ಅಧಿಕಾರ ಇದ್ದದ್ದು ಸೈನಿಕರಿಗಲ್ಲ, ಊರಿನ ಬೆಂಕಿ ಕಾವಲಿನವರಿಗೆ. ಅವರನ್ನು ಅಲ್ಲಿ ‘ಫೈರ್‌ವಾರ್ಡ್’ ಎನ್ನುತ್ತಿದ್ದರು.

ಈ ಕಾನೂನಿನ ಬೆನ್ನಿಗಿರುವ ಇಸವಿಗಳನ್ನು ಜೋಡಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಒಂಬತ್ತು ವರ್ಷ ಹಿಂದೆ, 1774ರಲ್ಲಿ, ಬ್ರಿಟಿಷ್ ಸೈನಿಕರು ಊರಾಚೆಯ ಮದ್ದಿನ ಮನೆಯನ್ನು ಬರಿದು ಮಾಡಿದಾಗ ಇದೇ ಜನ ಸಾವಿರಗಟ್ಟಲೆ ಬೀದಿಗಿಳಿದಿದ್ದರು. 1775ರ ಏಪ್ರಿಲ್‌ನಲ್ಲಿ ಯುದ್ಧ ಹೊತ್ತಿಕೊಂಡಿದ್ದೇ ಕಾಂಕರ್ಡ್ ಊರಿನಲ್ಲಿ ಕೂಡಿಟ್ಟಿದ್ದ ಮದ್ದುಗುಂಡುಗಳನ್ನು ನಾಶಮಾಡಲು ಸೈನ್ಯ ಹೊರಟಾಗ. ಮೂರು ವರ್ಷ ಹಿಂದೆ, 1780ರಲ್ಲಿ, ಈ ರಾಜ್ಯ ತನ್ನ ಸಂವಿಧಾನದಲ್ಲಿ ‘ಸಾಮೂಹಿಕ ರಕ್ಷಣೆಗಾಗಿ ಆಯುಧ ಇಟ್ಟುಕೊಳ್ಳುವ, ಧರಿಸುವ ಹಕ್ಕು ಜನರಿಗಿದೆ’ ಎಂದು ಬರೆದುಕೊಂಡಿತ್ತು. ಹಾಗಿದ್ದೂ ಅದೇ ಜನ ಆರಿಸಿ ಕಳಿಸಿದ ಸಭೆ, ಮನೆಯೊಳಗಿನ ಕೋವಿಯಲ್ಲಿ ಈಡಿದೆಯೇ ಎಂದು ನೋಡಿ ಎತ್ತಿಕೊಂಡು ಹೋಗುವ ಅಧಿಕಾರವನ್ನು ನೆರೆಮನೆಯವನ ಕೈಗೆ ಕೊಟ್ಟಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ನನಗೆ ತೋರುವುದು ಹೀಗೆ. ಮದ್ದು ಯಾರ ವಶದಲ್ಲಿರಬೇಕು ಎಂಬುದು ಬಾಸ್ಟನ್ನಿಗರಿಗೆ ಒಂದು ಪ್ರಶ್ನೆ. ಮದ್ದು ಎಲ್ಲಿರಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಪ್ರಾಣ ಕೊಡಲು ಸಿದ್ಧರಿದ್ದವರೇ ಎರಡನೆಯದರಲ್ಲಿ ಊರಿನ ಮಾತಿಗೆ ತಲೆಬಾಗುತ್ತಿದ್ದರು. ಇವತ್ತು ಅಮೆರಿಕದ ನ್ಯಾಯಾಲಯಗಳು ಈ ಕಾನೂನನ್ನು ಓದುವಾಗ ಎರಡನ್ನೂ ಒಂದೇ ಮಾಡಿಬಿಡುತ್ತವೆ. ಎರಡು ಬೇರುಗಳನ್ನು ಬಿಡಿಸಿ ನೋಡುವುದಕ್ಕೇ ಈ ಬರಹ.

ಮದ್ದು ಮನೆಯಲ್ಲಿರಲೇಬೇಕಿದ್ದ ಕಾಲ

ಕನ್ನಡದಲ್ಲಿ ‘ಮದ್ದು’ ಎಂದರೆ ಕಾಯಿಲೆಗೆ ಕೊಡುವ ಔಷಧವೂ ಹೌದು, ಕೋವಿಗೆ ತುಂಬುವ ಕರಿಪುಡಿಯೂ ಹೌದು. ಮ್ಯಾಸಚೂಸೆಟ್ಸ್ ವಸಾಹತಿನ ಆರಂಭದ ಜನಕ್ಕೂ ಅದು ಹಾಗೇ ಇತ್ತು: ಇಲ್ಲದಿದ್ದರೆ ಬದುಕಿಲ್ಲ, ಇದ್ದರೆ ಭಯ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಆ ನೆಲದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. 1642ರಲ್ಲಿ ಜನರಲ್ ಕೋರ್ಟ್ (ಅಲ್ಲಿನ ಶಾಸನಸಭೆಗೆ ಇಂದಿಗೂ ಇದೇ ಹೆಸರು) ಪ್ರತಿ ಊರೂ ಪೆಟ್ಲುಪ್ಪಿಗೆಂದು ಒಂದು ಮನೆ ಮಾಡಿಕೊಂಡು, ಮನುಷ್ಯರ ಮೂತ್ರ, ದನ, ಆಡು, ಹಂದಿ, ಕೋಳಿ, ಕುದುರೆಗಳ ಗೊಬ್ಬರದಿಂದ ಅದನ್ನು ತೆಗೆಯಬೇಕೆಂದು ಆಜ್ಞೆ ಹೊರಡಿಸಿತು. ಆ ಪ್ರಯತ್ನಗಳಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮದ್ದು ಬಹುಪಾಲು ಇಂಗ್ಲೆಂಡಿನಿಂದ ಹಡಗಿನಲ್ಲೇ ಬರಬೇಕಿತ್ತು. ಹದಿನೆಂಟನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಮದ್ದಿಗೆ ಪೆಟ್ಲುಪ್ಪು ಹೋಗುತ್ತಿದ್ದುದು ಹೆಚ್ಚಾಗಿ ನಮ್ಮ ಬಿಹಾರದ ಪಾಟ್ನಾ ಸೀಮೆಯಿಂದ, ಈಸ್ಟ್ ಇಂಡಿಯಾ ಕಂಪನಿಯ ಮೂಲಕ. 1773ರ ಡಿಸೆಂಬರ್‌ನಲ್ಲಿ ಬಾಸ್ಟನ್ ಬಂದರಿನಲ್ಲಿ ಜನ ನೀರಿಗೆಸೆದ ಚಹಾ ಕೂಡ ಅದೇ ಕಂಪನಿಯದು.

ಹೀಗೆ ದುರ್ಲಭವಾದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳಬೇಕು ಎಂಬುದೇ ಕಾನೂನಾಗಿತ್ತು. 1693ರ ಮಿಲಿಷಿಯಾ (ಊರಿನ ಗಂಡಸರೇ ಸೇರಿದ ನಾಗರಿಕ ಪಡೆ) ಕಾಯಿದೆಯ ಪ್ರಕಾರ ಪಟ್ಟಿಯಲ್ಲಿ ಹೆಸರಿದ್ದ ಪ್ರತಿ ಕಾಲಾಳು ಸುಸ್ಥಿತಿಯ ಕೋವಿ, 1 ಪೌಂಡ್ ತೂಕದ, ಅಂದರೆ ಸುಮಾರು 450 ಗ್ರಾಂ, ಒಳ್ಳೆಯ ಮದ್ದು, ತನ್ನ ಕೋವಿಗೆ ಹೊಂದುವ 20 ಗುಂಡು, 12 ಚಕಮಕಿ ಕಲ್ಲು ಇಟ್ಟುಕೊಂಡಿರಬೇಕು. ನಳಿಗೆಯಲ್ಲಿ ಕೂತ ಈಡನ್ನು ತಿರುಚಿ ಹೊರಗೆಳೆಯುವ ತಿರುಪುಕಂಬಿಯೂ ಆ ಪಟ್ಟಿಯಲ್ಲಿದೆ. ಈ ಕಂಬಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಊರಿಗೂ ಪ್ರತ್ಯೇಕ ಹೊಣೆ ಇತ್ತು: 60 ಸೈನಿಕರಿಗೆ ಒಂದು ಪೀಪಾಯಿ ಮದ್ದು, 300 ಚಕಮಕಿ ಕಲ್ಲು, ಜೊತೆಗೆ ಸೀಸದ ಗುಂಡಿನ ದಾಸ್ತಾನು.

ಸ್ವಂತ ಮದ್ದು, ಊರಿನ ಮದ್ದು, ಇವೆರಡರ ಮೇಲೆ ಪ್ರಾಂತ್ಯದ, ಅಂದರೆ ದೊರೆಯ ಮದ್ದು. ಈ ಮೂರು ಪಾಲು 1774ರ ಗಲಭೆಯ ತಿರುಳು.

ಮರದ ಊರು

ಬಾಸ್ಟನ್ ಆಗ ಸಮುದ್ರದೊಳಕ್ಕೆ ಚಾಚಿದ ಚಿಕ್ಕ ನೆಲದ ತುಂಡು. ಒತ್ತೊತ್ತಾಗಿ ಮರದ ಮನೆಗಳು, ಇಕ್ಕಟ್ಟು ಓಣಿ, ಕಡಲ ಗಾಳಿ, ಚಳಿಗಾಲವಿಡೀ ಪ್ರತಿ ಮನೆಯಲ್ಲೂ ಉರಿಯುವ ಒಲೆ. 1711ರ ದೊಡ್ಡ ಬೆಂಕಿಯ ನಂತರ ಊರಿಗೆ ಫೈರ್‌ವಾರ್ಡ್‌ಗಳು ಬಂದರು. ಅವರ ಕೈಯಲ್ಲಿ ಐದಡಿ ಉದ್ದದ ಕೆಂಪು ಕೋಲು, ಅದರ ತುದಿಗೆ ಆರಂಗುಲದ ಹೊಳೆಯುವ ಹಿತ್ತಾಳೆ ಮೊನೆ. ಹೊಗೆಯ ನಡುವೆಯೂ ಜನ ಗುರುತಿಸಿ ಮಾತು ಕೇಳಲೆಂದು ಈ ಲಾಂಛನ. ಬೆಂಕಿ ಬಿದ್ದಲ್ಲಿ ಯಾರು ಬಕೆಟ್ ಸಾಲಿಗೆ ನಿಲ್ಲಬೇಕು, ಯಾವ ಸಾಮಾನು ಮೊದಲು ಹೊರಗೆ ಬರಬೇಕು ಎಂದು ಹೇಳುವವರು ಅವರು. ಬೆಂಕಿ ಹಬ್ಬದಂತೆ ನಡುವಿನ ಮನೆಯನ್ನು ಕೆಡವಿಸುವ, ಮದ್ದಿಟ್ಟು ಹಾರಿಸುವ ಅಧಿಕಾರವನ್ನೂ ಕಾನೂನು ಕೊಟ್ಟಿತ್ತು. ಅಂದರೆ ಬೆಂಕಿ ಕಾವಲಿನವರಿಗೆ ಮದ್ದು ಶತ್ರುವೂ ಆಗಿತ್ತು, ಕೆಲಸದ ಸಲಕರಣೆಯೂ ಆಗಿತ್ತು. ಅದರ ಬಲ ಎಷ್ಟೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ.

ಮದ್ದನ್ನು ಒಂದೆಡೆ ಕೂಡಿಡುವ ಕಾನೂನು ಅದಕ್ಕೂ ಹಳೆಯದು. 1706ರಲ್ಲೇ ಬಾಸ್ಟನ್ನಿನಲ್ಲಿ ಒಂದು ಮದ್ದಿನ ಮನೆ ಕಟ್ಟಲು ಕಾಯಿದೆ ಆಯಿತು. ಹಡಗಿನಿಂದಿಳಿದ ಮದ್ದು ವ್ಯಾಪಾರಿಯ ಉಗ್ರಾಣಕ್ಕಲ್ಲ, ಅಲ್ಲಿಗೇ ಹೋಗಬೇಕು. ಅದರ ಮೇಲೆ ಹೆಚ್ಚುವರಿ ಕಾಯಿದೆಗಳು ಒಂದರ ಬೆನ್ನಿಗೊಂದು ಬಂದವು. 1783ರ ಕಾನೂನಿನ ಹೆಸರೇ ಅದನ್ನು ಹೇಳುತ್ತದೆ: ಬಾಸ್ಟನ್ ಪಟ್ಟಣದಲ್ಲಿ ಮದ್ದನ್ನು ವಿವೇಕದಿಂದ ಇಡುವ ಬಗ್ಗೆ ಈಗಾಗಲೇ ಇರುವ ಹಲವು ಕಾಯಿದೆಗಳಿಗೆ ಸೇರ್ಪಡೆ. ಹೊಸ ದೇಶದ ಹೊಸ ಹುಮ್ಮಸ್ಸಿನಲ್ಲಿ ಹುಟ್ಟಿದ್ದಲ್ಲ ಅದು. ಮುಕ್ಕಾಲು ಶತಮಾನದ ಸರಪಳಿಗೆ ಸೇರಿದ ಇನ್ನೊಂದು ಕೊಂಡಿ.

‘ಮದ್ದಿನ ಮನೆ’ ಎಂಬ ಮಾತು ನಮಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲೂ ಚಿತ್ರದುರ್ಗದಲ್ಲೂ ಆ ಹೆಸರಿನ ಕಟ್ಟಡಗಳನ್ನು ನೋಡಿದವರಿದ್ದೀರಿ. ದಪ್ಪ ಗೋಡೆ, ಕಡಿಮೆ ಬಾಗಿಲು, ವಸತಿಯಿಂದ ದೂರ. ಮದ್ದನ್ನು ಬಲ್ಲವರು ಎಲ್ಲೇ ಇರಲಿ, ಕಟ್ಟುವುದು ಹೆಚ್ಚುಕಡಿಮೆ ಒಂದೇ ರೀತಿ.

1760ರ ಮಾರ್ಚ್ 20ರ ಬೆಂಕಿ ಬಾಸ್ಟನ್ನಿನ ನೆನಪಿನಲ್ಲಿ ಆಳವಾಗಿ ಕೂತಿತು. 349 ಕಟ್ಟಡ ಸುಟ್ಟುಹೋದವು. ಬೆಂಕಿ ಗಾಳಿಯ ಜೊತೆ ಬಂದರಿನ ಕಡೆ ಸಾಗಿ ಸೌತ್ ಬ್ಯಾಟರಿ ಎಂಬ ಕೋಟೆಯನ್ನು ಮುಟ್ಟಿದಾಗ ಅಲ್ಲಿದ್ದ ಮದ್ದು ಸಿಡಿಯಿತು. ಆ ಸದ್ದು ಕೇಳಿದ ಮಕ್ಕಳು 1783ರ ಹೊತ್ತಿಗೆ ಮೂವತ್ತರ ಆಚೆಗಿನ ಗಂಡಸರು, ಹೆಂಗಸರು. ಕಾನೂನನ್ನು ಕೇಳಿದವರೂ ಮಾಡಿದವರೂ ಅದೇ ತಲೆಮಾರು.

ಕ್ವಾರಿ ಹಿಲ್‌ನ ಗೋಪುರ

ಈಗ ಇನ್ನೊಂದು ಬೇರು. ಬಾಸ್ಟನ್ನಿನ ವಾಯವ್ಯಕ್ಕೆ, ಆಗ ಚಾರ್ಲ್ಸ್‌ಟೌನ್ ಎನಿಸಿಕೊಂಡು ಈಗ ಸಾಮರ್ವಿಲ್ ಆಗಿರುವಲ್ಲಿ, ಕ್ವಾರಿ ಹಿಲ್ ಎಂಬ ದಿಬ್ಬದ ಮೇಲೆ ದುಂಡನೆಯ ಕಲ್ಲಿನ ಗೋಪುರವಿದೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ಅದು ಗಾಳಿಗಿರಣಿಯಾಗಿ ಎದ್ದಿತು. 1747ರಲ್ಲಿ ಪ್ರಾಂತ್ಯ ಅದನ್ನು ಕೊಂಡು ಮದ್ದಿನ ಮನೆ ಮಾಡಿತು. ಸುತ್ತಲಿನ ಊರುಗಳು ತಮ್ಮ ತಮ್ಮ ಪಾಲನ್ನು ಅಲ್ಲಿಡುತ್ತಿದ್ದವು, ದೊರೆಯ ಪಾಲೂ ಅಲ್ಲೇ.

1774ರ ಬೇಸಿಗೆಯಲ್ಲಿ ಊರುಗಳು ಒಂದೊಂದಾಗಿ ಬಂದು ತಮ್ಮ ಪಾಲನ್ನು ಹೊರತೆಗೆದವು. ಆಗಸ್ಟ್ ಕೊನೆಯಲ್ಲಿ ಮೆಡ್‌ಫರ್ಡ್ ಊರಿನವರೂ ಒಯ್ದರು. ಪ್ರಾಂತ್ಯದ ಮಿಲಿಷಿಯಾದ ದೊಡ್ಡ ಅಧಿಕಾರಿ ವಿಲಿಯಂ ಬ್ರಾಟಲ್ ಇದನ್ನು ರಾಜ್ಯಪಾಲರೂ ದಂಡನಾಯಕರೂ ಆಗಿದ್ದ ಜನರಲ್ ಥಾಮಸ್ ಗೇಜ್ ಅವರಿಗೆ ಬರೆದು ತಿಳಿಸಿದ: ಈಗ ಅಲ್ಲಿ ಉಳಿದಿರುವುದು ದೊರೆಯ ಮದ್ದು ಮಾತ್ರ. ಗೇಜ್ ಕಾಯಲಿಲ್ಲ. ಸೆಪ್ಟೆಂಬರ್ 1ರ ಬೆಳಗಿನ ಜಾವ ಸುಮಾರು 260 ಸೈನಿಕರು ಬಾಸ್ಟನ್ನಿನ ಲಾಂಗ್ ವಾರ್ಫ್ ಎಂಬ ಹಡಗುಕಟ್ಟೆಯಿಂದ ದೋಣಿಯಲ್ಲಿ ಹೊರಟು, ಮಿಸ್ಟಿಕ್ ನದಿಯ ಮೇಲಕ್ಕೆ ಸಾಗಿ, ದಿಬ್ಬ ಹತ್ತಿ 250 ಅರೆಪೀಪಾಯಿ ಮದ್ದನ್ನು ಹೊರತಂದರು. ಇನ್ನೊಂದು ತುಕಡಿ ಕೇಂಬ್ರಿಜ್‌ನಿಂದ ಎರಡು ಫಿರಂಗಿ ಎಳೆದುಕೊಂಡು ಹೋಯಿತು. ಒಂದು ಗುಂಡೂ ಹಾರಲಿಲ್ಲ.

ಆದರೆ ಬಾಯಿಂದ ಬಾಯಿಗೆ ಹೋದ ಸುದ್ದಿ ಬೇರೆಯಾಗಿತ್ತು. ಜನ ಸತ್ತರಂತೆ, ಬಾಸ್ಟನ್ ಮೇಲೆ ಫಿರಂಗಿ ಹಾರಿಸುತ್ತಿದ್ದಾರಂತೆ. ಮಾರನೆಯ ದಿನ ಕೇಂಬ್ರಿಜ್ ಬಯಲಿನಲ್ಲಿ ಸುಮಾರು 4,000 ಜನ ಸೇರಿದರು. ಹಳ್ಳಿಗಳಿಂದ ಇನ್ನೂ ಸಾವಿರಾರು ಜನ ದಾರಿಯಲ್ಲಿದ್ದರು. ಉಪರಾಜ್ಯಪಾಲ ಥಾಮಸ್ ಆಲಿವರ್ ದೊರೆಯ ಮಂಡಳಿಯ ಸದಸ್ಯತ್ವಕ್ಕೆ ರಾಜೀನಾಮೆ ಬರೆದುಕೊಟ್ಟ. ಬ್ರಾಟಲ್ ಓಡಿಹೋಗಿ ಬಂದರಿನ ಕೋಟೆ ಸೇರಿದ. ಇತಿಹಾಸ ಇದನ್ನು ‘ಪೌಡರ್ ಅಲಾರ್ಮ್’ ಎಂದು ಕರೆಯುತ್ತದೆ.

ಗೇಜ್ ಮಾಡಿದ್ದು ಕಾನೂನಿನ ಮಟ್ಟಿಗೆ ತಪ್ಪೆಂದು ಹೇಳುವುದು ಕಷ್ಟ. ರಾಜ್ಯಪಾಲನಾಗಿ ದೊರೆಯ ಮದ್ದಿನ ಮೇಲೆ ಅವರಿಗೆ ಅಧಿಕಾರವಿತ್ತು, ಊರುಗಳ ಪಾಲನ್ನು ಅವರು ಮುಟ್ಟಲಿಲ್ಲ. ಜನ ಕೆರಳಿದ್ದು ಅದಕ್ಕಲ್ಲ. ದೊರೆಯ ಮದ್ದು ಎಂದರೆ ಪ್ರಾಂತ್ಯದ ಮದ್ದು, ಪ್ರಾಂತ್ಯ ಎಂದರೆ ನಾವು ಎಂಬ ನಂಬಿಕೆಗೆ ಅಂದು ಏಟು ಬಿತ್ತು. ಅದೇ ವರ್ಷ ಅಕ್ಟೋಬರ್ 19ರಂದು ಮೂರನೇ ಜಾರ್ಜ್ ದೊರೆ ಅಮೆರಿಕಕ್ಕೆ ಆಯುಧ ಮತ್ತು ಮದ್ದಿನ ರಫ್ತನ್ನು ನಿಲ್ಲಿಸಿದ ಮೇಲಂತೂ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್‌ಗಳಲ್ಲಿ ರಕ್ತ ಹರಿಯಿತು. ಬಾಸ್ಟನ್ ಒಳಗೆ ಸಿಕ್ಕಿಬಿದ್ದವರಿಗೆ ಗೇಜ್ ಒಂದು ಷರತ್ತು ಹಾಕಿದರು: ಆಯುಧ ಒಪ್ಪಿಸಿ, ಊರು ಬಿಟ್ಟು ಹೋಗಿ. ಜನ ಫ್ಯಾನ್ಯುಯಲ್ ಹಾಲ್‌ಗೆ ತಂದೊಪ್ಪಿಸಿದ್ದು 1,778 ಕೋವಿ, 634 ಪಿಸ್ತೂಲು, 973 ಬಾಯೊನೆಟ್, 38 ಅಗಲಬಾಯಿಯ ಕೋವಿ. ಒಪ್ಪಿಸಿದ ಮೇಲೂ ಹೊರಡಲು ಅಡ್ಡಿಗಳು ಬಂದವು. ಕೊಟ್ಟ ಮಾತು ಮುರಿದ ಈ ದೂರು ಅದೇ ವರ್ಷ ಜುಲೈನಲ್ಲಿ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಘೋಷಣೆಯಲ್ಲೂ ಸೇರಿತು. ಹೊರಗೆ ಮುತ್ತಿಗೆ ಹಾಕಿದ್ದವರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಆಗಸ್ಟ್‌ನಲ್ಲಿ ಲೆಕ್ಕ ನೋಡಿದಾಗ ಜಾರ್ಜ್ ವಾಷಿಂಗ್ಟನ್ ಅವರ ಸೈನ್ಯದಲ್ಲಿ ಆಳಿಗೆ ಸುಮಾರು 9 ಈಡಿನಷ್ಟು ಮದ್ದು ಮಾತ್ರ ಇತ್ತು.

ಇಷ್ಟೆಲ್ಲ ಕಂಡವರೇ, 1783ರಲ್ಲಿ ಆ ಕಾನೂನು ಮಾಡಿದವರು.

ಕಾನೂನಿನ ಒಳಗೆ

ಕಾರಣವನ್ನು ಪೀಠಿಕೆಯೇ ಹೇಳುತ್ತದೆ. ಊರಿನ ಮನೆಗಳಲ್ಲಿ ಈಡು ತುಂಬಿದ ಆಯುಧ ಇಡುವುದು, ಬೆಂಕಿ ಬಿದ್ದಾಗ ದುಡಿಯಲು ಮುಂದೆ ಬರುವವರ ಪ್ರಾಣಕ್ಕೆ ಅಪಾಯ. ಮನೆಯ ಮಾಲೀಕನ ಪ್ರಾಣ ಎಂದಿಲ್ಲ, ಕಳ್ಳನ ಮಾತಿಲ್ಲ, ದಂಗೆಯ ಮಾತಿಲ್ಲ. ಕಾನೂನಿನ ಕಣ್ಣು ನೆಟ್ಟಿರುವುದು ಚರ್ಮದ ಬಕೆಟ್ ಹಿಡಿದು ಉರಿಯುವ ಮನೆಯತ್ತ ಓಡಿಬರುವ ನೆರೆಯವನ ಮೇಲೆ.

ಆ ಭಯ ಉತ್ಪ್ರೇಕ್ಷೆಯಲ್ಲ. ಚಕಮಕಿ ಕೋವಿಗೆ ಈಡು ತುಂಬುವುದು ಬಾಯಿಯ ಕಡೆಯಿಂದ: ಮದ್ದು ಸುರಿದು, ಗುಂಡು ಇಳಿಬಿಟ್ಟು, ಕೋಲಿನಿಂದ ಗಿಡಿಯಬೇಕು. ಒಮ್ಮೆ ತುಂಬಿದರೆ ತೆಗೆಯುವುದು ಕಷ್ಟ. ಒಂದೋ ಹಾರಿಸಬೇಕು, ಇಲ್ಲವೇ ಮಿಲಿಷಿಯಾ ಕಾಯಿದೆ ಹೇಳಿದ ಆ ತಿರುಪುಕಂಬಿಯನ್ನು ಇಳಿಸಿ ಗುಂಡನ್ನು ಕೊರೆದು ಎಳೆಯಬೇಕು. ಊರೊಳಗೆ ಹಾರಿಸುವಂತಿಲ್ಲ, ಕೊರೆಯುವ ತಾಳ್ಮೆ ಯಾರಿಗೆ? ತರಬೇತಿಯಿಂದಲೋ ಶಿಕಾರಿಯಿಂದಲೋ ಬಂದವನು ಈಡಾದ ಕೋವಿಯನ್ನು ಹಾಗೇ ಗೋಡೆಗೆ ಆನಿಸಿಬಿಡುತ್ತಾನೆ. ನಮ್ಮ ಮಲೆನಾಡಿನ ಹಳೆ ಒಂಟಿನಳಿಗೆ ಕೋವಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ತಾಗಿದ ಕೋಣೆಯಲ್ಲಿ ಆ ಕೋವಿ ತಾನೇ ಹಾರುತ್ತದೆ. ನಳಿಗೆ ಯಾವ ಕಡೆ ತಿರುಗಿದೆ ಎಂಬುದು ಹೊಗೆಯಲ್ಲಿ ಕಾಣುವುದಿಲ್ಲ.

ಕಾನೂನಿನ ಪಟ್ಟಿಯನ್ನೂ ಗಮನಿಸಬೇಕು. ಫಿರಂಗಿ, ಹಡಗಿನ ಅಂಚಿಗೆ ಕೂರಿಸುವ ತಿರುಗುಫಿರಂಗಿ, ಮಾರ್ಟರ್, ಹೊವಿಟ್ಜರ್, ಅವುಗಳ ಜೊತೆ ಕೋವಿ. ಆಮೇಲೆ ಬಾಂಬು, ಗ್ರೆನೇಡು, ಮದ್ದು ತುಂಬಿದ ಕಬ್ಬಿಣದ ಗುಂಡು. ಮನೆಯ ಅಟ್ಟದಲ್ಲಿ ಹೊವಿಟ್ಜರ್ ಇಡುವವರು ಯಾರು? ಯುದ್ಧದ ವರ್ಷಗಳಲ್ಲಿ ಬಾಸ್ಟನ್ ಶತ್ರು ಹಡಗುಗಳನ್ನು ಹಿಡಿಯುವ ಖಾಸಗಿ ಸಮರನೌಕೆಗಳ ದೊಡ್ಡ ಬಂದರು. 1782ರ ನವೆಂಬರ್‌ನಲ್ಲಿ ಪ್ರಾಥಮಿಕ ಶಾಂತಿ ಒಪ್ಪಂದ ಆಗಿತ್ತು, ಯುದ್ಧ ಮುಗಿಯುತ್ತ ಬಂದಿತ್ತು. ಹಡಗಿನ ಆಯುಧಗಳು ದಡಕ್ಕೆ ಬಂದು ವಾರ್ಫ್ ಪಕ್ಕದ ಉಗ್ರಾಣಗಳಲ್ಲಿ ಕೂಡಿಕೊಳ್ಳುವ ಹೊತ್ತು ಅದು. ಈ ಪಟ್ಟಿ ನೋಡಿದರೆ ಶಾಸನಸಭೆಯ ಕಣ್ಣಮುಂದೆ ಇದ್ದದ್ದು ಮನೆಮಾಲೀಕನ ಒಂದು ಕೋವಿಗಿಂತ ಹೆಚ್ಚಾಗಿ ಆ ಉಗ್ರಾಣಗಳೇ ಎಂದು ನಾನು ಊಹಿಸುತ್ತೇನೆ. ಆದರೆ ಬರೆದದ್ದು ಎಲ್ಲ ಕೋವಿಗೂ ಅನ್ವಯಿಸುವಂತೆ ಎಂಬುದು ಅಷ್ಟೇ ನಿಜ.

ದಂಡದ ಹಂಚಿಕೆಯಲ್ಲೂ ಕಾನೂನಿನ ಮನಸ್ಸು ಕಾಣುತ್ತದೆ. 10 ಪೌಂಡ್‌ನಲ್ಲಿ ಅರ್ಧ ಫೈರ್‌ವಾರ್ಡ್‌ಗಳಿಗೆ, ಇನ್ನರ್ಧ ಬಾಸ್ಟನ್ನಿನ ಬಡವರ ಪೋಷಣೆಗೆ. ಸರ್ಕಾರದ ಖಜಾನೆಗೆ ಒಂದು ಕಾಸಿಲ್ಲ. ದಂಡ ವಸೂಲಿಗೆ ಫೈರ್‌ವಾರ್ಡ್‌ಗಳೇ ನ್ಯಾಯಾಲಯಕ್ಕೆ ಹೋಗಿ ಸಾಲದ ದಾವೆಯಂತೆ ದಾವೆ ಹೂಡಬೇಕು. ಜಪ್ತಿ ಮಾಡಿದ ಆಯುಧದ ಬಗ್ಗೆಯೂ ಕಾಮನ್ ಪ್ಲೀಸ್ ನ್ಯಾಯಾಲಯದಲ್ಲಿ ದೂರು ಕೊಡಬೇಕು. ತಮ್ಮಷ್ಟಕ್ಕೆ ತಾವೇ ಮುಟ್ಟುಗೋಲು ಹಾಕಿಕೊಂಡು ಮಾರುವಂತಿಲ್ಲ. 1775ರಲ್ಲಿ ಗೇಜ್‌ಗೆ ಕೋವಿ ಒಪ್ಪಿಸಿದವನಿಗೆ ಹೋಗಿ ಕೇಳಲು ಯಾವ ಬಾಗಿಲೂ ಇರಲಿಲ್ಲ. 1783ರಲ್ಲಿ ಕೋವಿ ಕಳೆದುಕೊಂಡವನಿಗೆ ತನ್ನೂರಿನ ನ್ಯಾಯಾಲಯವಿತ್ತು, ಎದುರು ನಿಂತವನು ನಾಳೆ ತನ್ನ ಮನೆಗೆ ಬೆಂಕಿ ಬಿದ್ದರೆ ಓಡಿಬರುವ ಮನುಷ್ಯ. ಈ ಅಂತರವನ್ನು ಮರೆತರೆ ಪ್ರಕರಣವೇ ಅರ್ಥವಾಗುವುದಿಲ್ಲ.

ಬಾಸ್ಟನ್ ಒಂದೇ ಹೀಗಿರಲಿಲ್ಲ. ನ್ಯೂಯಾರ್ಕ್ 1784ರಲ್ಲಿ ಮಾಡಿದ ಕಾನೂನಿನಲ್ಲಿ ಒಬ್ಬ ಇಟ್ಟುಕೊಳ್ಳಬಹುದಾದ ಮದ್ದು 28 ಪೌಂಡ್ ತೂಕ, ಅದೂ ನಾಲ್ಕು ಪ್ರತ್ಯೇಕ ಜಾಡಿ ಅಥವಾ ಡಬ್ಬಿಗಳಲ್ಲಿ. ಆದರೆ ಮದ್ದಿನ ತೂಕವನ್ನು ಬಿಟ್ಟು ಕೋವಿಯೊಳಗಿನ ಈಡಿಗೇ ಕೈಹಾಕಿದ ಬಾಸ್ಟನ್ನಿನ ಕಾನೂನು ವಿಶಿಷ್ಟ.

ಯಾರ ಕೈಯಲ್ಲಿ ಎಂಬ ಪ್ರಶ್ನೆ

ಮ್ಯಾಸಚೂಸೆಟ್ಸ್‌ನ ಆಯುಧ ಕಾನೂನುಗಳೆಲ್ಲ ಇಷ್ಟು ನೆರೆಹೊರೆಯ ಪ್ರೀತಿಯವು ಎಂದುಕೊಂಡರೆ ತಪ್ಪಾಗುತ್ತದೆ. ‘ಎಲ್ಲಿ’ ಎಂಬ ಪ್ರಶ್ನೆಯಲ್ಲಿ ಸಮಾನತೆ ಇತ್ತು, ‘ಯಾರು’ ಎಂಬುದರಲ್ಲಿ ಇರಲಿಲ್ಲ. ಮೂಲನಿವಾಸಿಗಳಿಗೆ ಕೋವಿ, ಮದ್ದು ಮಾರುವುದು 1630ರ ದಶಕದಿಂದಲೇ ಅಪರಾಧ. 1656ರ ಆಜ್ಞೆ ಕರಿಯರಿಗೂ ಮೂಲನಿವಾಸಿಗಳಿಗೂ ಆಯುಧ ತರಬೇತಿಯನ್ನೇ ಮುಚ್ಚಿತು. ಸ್ವಂತದವರನ್ನೂ ಬಿಡಲಿಲ್ಲ. 1637ರ ನವೆಂಬರ್‌ನಲ್ಲಿ, ಆ್ಯನ್ ಹಚಿನ್ಸನ್ ಎಂಬ ಧೀರ ಹೆಂಗಸಿನ ಧಾರ್ಮಿಕ ವಿಚಾರಗಳ ಸುತ್ತ ವಿವಾದ ಎದ್ದಾಗ, ಆ ಪಕ್ಷದವರಲ್ಲಿ 75 ಗಂಡಸರು ಕೋವಿ, ಪಿಸ್ತೂಲು, ಕತ್ತಿ, ಮದ್ದು, ಗುಂಡುಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಬಾಸ್ಟನ್ನಿನವರೇ 58 ಮಂದಿ. ಅವರು ತಂದಿಡಬೇಕಿದ್ದದ್ದು ಕ್ಯಾಪ್ಟನ್ ರಾಬರ್ಟ್ ಕೇಯ್ನ್ ಮನೆಯಲ್ಲಿ. ತಪ್ಪೊಪ್ಪಿಕೊಂಡವರಿಗೆ ವಿನಾಯಿತಿ ಇತ್ತು. ಅವರು ಯಾರ ಮೇಲೂ ಕೈ ಎತ್ತಿರಲಿಲ್ಲ, ನಂಬಿಕೆಯಷ್ಟೇ ಬೇರೆ.

1776ರ ಮೇ ತಿಂಗಳಲ್ಲಿ ಸರದಿ ದೊರೆನಿಷ್ಠರದು. 16 ವರ್ಷ ಮೀರಿದ ಗಂಡಸರು ಕ್ರಾಂತಿಯ ಪರ ಪ್ರತಿಜ್ಞೆಗೆ ಸಹಿ ಹಾಕಬೇಕು, ಒಲ್ಲದವರ ಆಯುಧ ಕಿತ್ತುಕೊಳ್ಳಬೇಕು. ಮುಂದೆ ಸಾಲ, ತೆರಿಗೆಗಳ ಭಾರಕ್ಕೆ ಸಿಡಿದೆದ್ದ ರೈತರು ಡೇನಿಯಲ್ ಶೇಸ್ ನಾಯಕತ್ವದಲ್ಲಿ 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಕಡೆ ನಡೆದರು. ಫಿರಂಗಿ ಹಾರಿತು, ನಾಲ್ವರು ಸತ್ತರು. ಫೆಬ್ರುವರಿ 16ರ ಕಾಯಿದೆ ಬಂಡೆದ್ದವರಿಗೆ ಕ್ಷಮೆಯ ದಾರಿ ತೆರೆಯಿತು, ಷರತ್ತಿನೊಂದಿಗೆ: ಕೋವಿ ಒಪ್ಪಿಸಿ ನಿಷ್ಠೆಯ ಪ್ರಮಾಣ ಮಾಡಬೇಕು, ಮೂರು ವರ್ಷ ಮತದಾನ, ಜ್ಯೂರಿ, ಸರ್ಕಾರಿ ಹುದ್ದೆ, ಶಾಲಾ ಮೇಷ್ಟ್ರ ಕೆಲಸ, ಹೆಂಡದಂಗಡಿ, ಯಾವುದೂ ಇಲ್ಲ. ಮೂರು ವರ್ಷ ಸುಮ್ಮನಿದ್ದರೆ ಕೋವಿ ವಾಪಸ್.

ಈ ಸಾಲನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಇವುಗಳಲ್ಲಿ ಒಂದರಲ್ಲೂ ಬೆಂಕಿಯ ಮಾತಿಲ್ಲ. 1783ರ ಕಾನೂನಿನಲ್ಲಿ ನಿಷ್ಠೆಯ ಮಾತಿಲ್ಲ. ಎರಡು ಬಗೆಯ ಕಾನೂನುಗಳೂ ಒಂದೇ ನೆಲದಲ್ಲಿ ಅಕ್ಕಪಕ್ಕ ಬೆಳೆದವು, ಒಂದಕ್ಕೊಂದು ಹೆಣೆದುಕೊಳ್ಳಲಿಲ್ಲ. ಮೊದಲನೆಯ ಬಗೆಯವು ನನಗೆ ನೋವು ಕೊಡುತ್ತವೆ, ಎರಡನೆಯದನ್ನು ಗೌರವಿಸುತ್ತೇನೆ. ಅಮೆರಿಕದ ಇಂದಿನ ವಾದವಿವಾದದಲ್ಲಿ ಎರಡನ್ನೂ ‘ಹಳೆಯ ಕೋವಿ ನಿಯಂತ್ರಣ’ ಎಂಬ ಒಂದೇ ಚೀಲಕ್ಕೆ ತುಂಬುವುದನ್ನು ಕಂಡಾಗ ಇತಿಹಾಸಕ್ಕೆ ಅನ್ಯಾಯ ಆಗುತ್ತಿದೆ ಅನಿಸುತ್ತದೆ.

ಮೂರನೆಯ ಬಗೆಯೂ ಬಂತು, ಗುಣಮಟ್ಟದ್ದು. 1805ರ ಕಾಯಿದೆಯಡಿ ರಾಜ್ಯಪಾಲರು ಪರೀಕ್ಷಕರನ್ನು ನೇಮಿಸಿದರು. ರಾಜ್ಯದಲ್ಲಿ ತಯಾರಾದ ಕೋವಿ ನಳಿಗೆಯನ್ನು ಅವರು ಈಡು ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ್ದನ್ನು ಮಾರಿದರೆ 10 ಡಾಲರ್ ದಂಡ. 1809ರಲ್ಲಿ ಮದ್ದಿನ ತಯಾರಿಕೆಗೂ ತಪಾಸಣೆಗಾರರು ಬಂದರು. ನಳಿಗೆ ಸೀಳಿ ಕೈ ಕಳೆದುಕೊಳ್ಳುವುದು, ಸತ್ವವಿಲ್ಲದ ಮದ್ದಿನಿಂದ ಮೋಸಹೋಗುವುದು, ಇವೂ ಊರಿನ ಕಾಳಜಿಗಳೇ. 1818ರಲ್ಲಿ ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ನದಿಯ ದಂಡೆಗೆ ಹೊಸ ಮದ್ದಿನ ಮನೆ ಎದ್ದಿತು. ಅದಕ್ಕೆ ಹೋಗುವ ಬೀದಿಯ ಹೆಸರು ಇವತ್ತಿಗೂ ಮ್ಯಾಗಜಿನ್ ಸ್ಟ್ರೀಟ್.

225 ವರ್ಷಗಳ ನಂತರ

ರಾಜಧಾನಿ ವಾಷಿಂಗ್ಟನ್ 1976ರಿಂದ ಪಿಸ್ತೂಲುಗಳನ್ನು ಬಹುತೇಕ ನಿಷೇಧಿಸಿತ್ತು. ಮನೆಯಲ್ಲಿರುವ ಇತರ ಕೋವಿಗಳನ್ನು ಬಿಡಿಸಿ ಇಡಬೇಕು ಅಥವಾ ಬೀಗ ಹಾಕಬೇಕು ಎಂದೂ ಹೇಳಿತ್ತು. ಡಿಕ್ ಹೆಲ್ಲರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜೂನ್ 26ರಂದು 5–4 ಮತದಿಂದ ಅದನ್ನು ರದ್ದು ಮಾಡಿತು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೋವಿ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ಆ ತೀರ್ಪಿನ ಎರಡೂ ಕಡೆ ಬಾಸ್ಟನ್ನಿನ 1783ರ ಕಾನೂನು ಕಾಣಿಸಿಕೊಂಡಿತು.

ಭಿನ್ನಮತದಲ್ಲಿ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಹೇಳಿದ್ದರ ಸಾರ ಇದು: ಆ ಕಾಲದಲ್ಲೇ ಊರುಗಳು ಮನೆಯೊಳಗಿನ ಕೋವಿಯನ್ನು, ಆತ್ಮರಕ್ಷಣೆಗೆ ತೊಡಕಾಗುವ ಮಟ್ಟಿಗೂ, ನಿಯಂತ್ರಿಸುತ್ತಿದ್ದವು, ಈಡಿಲ್ಲದ ಕೋವಿ ಕಳ್ಳ ಬಂದ ಕ್ಷಣಕ್ಕೆ ಒದಗುವುದಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ಪೀಠಿಕೆಯತ್ತ ಬೆರಳು ತೋರಿದರು. ಉದ್ದೇಶ ಬೆಂಕಿ ಆರಿಸುವವರ ರಕ್ಷಣೆ. ಒಳನುಗ್ಗಿದವನನ್ನು ಎದುರಿಸಲು ಆ ಗಳಿಗೆಗೆ ಈಡು ತುಂಬಿದವನ ಮೇಲೆ ಅದನ್ನು ಹೇರುತ್ತಿದ್ದರೇ ಎಂಬುದು ಅನುಮಾನ.

ಇಬ್ಬರ ಮಾತನ್ನೂ ಕಾನೂನಿನ ಪಠ್ಯದ ಪಕ್ಕ ಇಟ್ಟು ನೋಡಿದೆ. ಮೊದಲ ಕಲಂ ದಂಡ ಹಾಕುವುದು ಈಡಾದ ಕೋವಿಯನ್ನು ಕಟ್ಟಡದೊಳಕ್ಕೆ ‘ಒಯ್ದವರಿಗೆ’. ಒಳಗಿದ್ದ ಕೋವಿಗೆ ಒಳಗೇ ಈಡು ತುಂಬಿದವನು ಅಕ್ಷರಶಃ ಅದರಲ್ಲಿ ಸಿಕ್ಕುವುದಿಲ್ಲ. ಎರಡನೆಯ ಕಲಂ ಬೇರೆ: ಒಳಗೆ ಈಡಿರುವ ಕೋವಿ ‘ಸಿಕ್ಕರೆ’ ಜಪ್ತಿ, ಅದು ಹೇಗೆ ಬಂತು ಎಂದು ಕೇಳುವುದಿಲ್ಲ, ಯಾವ ವಿನಾಯಿತಿಯೂ ಇಲ್ಲ. ಹಾಗಾಗಿ ಮನುಷ್ಯನಿಗೆ ದಂಡ ಹಾಕುವಾಗ ಕಾನೂನು ಇಕ್ಕಟ್ಟಾಗಿದೆ, ಆಯುಧ ಎತ್ತಿಕೊಳ್ಳುವಾಗ ವಿಶಾಲವಾಗಿದೆ. ಉದ್ದೇಶದಲ್ಲಿ ಸ್ಕಾಲಿಯಾ ಸರಿ, ಎರಡನೆಯ ಕಲಮಿನ ಮಾತಿನಲ್ಲಿ ಬ್ರೇಯರ್ ಸರಿ. ಆತ್ಮರಕ್ಷಣೆ ಎಂಬ ಪ್ರಶ್ನೆಯನ್ನು ಕಾನೂನು ಕೇಳಿಕೊಂಡೇ ಇರಲಿಲ್ಲ, ಅದರಿಂದ ಉತ್ತರ ಹಿಂಡುವುದು ಇಬ್ಬರಿಗೂ ಕಷ್ಟವಾಯಿತು.

ಸುಪ್ರೀಂ ಕೋರ್ಟಿನ 2022ರ ಬ್ರೂಯನ್ ತೀರ್ಪಿನ ನಂತರ ಇಂಥ ಹಳೆಯ ಕಾನೂನುಗಳ ಬೆಲೆ ಇನ್ನೂ ಏರಿತು. ಕೋವಿಯ ಮೇಲೆ ಯಾವುದೇ ನಿರ್ಬಂಧ ಹಾಕುವ ಸರ್ಕಾರ, ಅದು ದೇಶದ ಐತಿಹಾಸಿಕ ಪರಂಪರೆಗೆ ಹೊಂದುತ್ತದೆ ಎಂದು ತೋರಿಸಬೇಕಾಯಿತು. ವಕೀಲರು ಹಳೆಯ ಊರುಗಳ ಕಡತ ತಡಕತೊಡಗಿದರು. 2024ರ ರಹೀಮಿ ತೀರ್ಪು ಇದನ್ನು ಸ್ವಲ್ಪ ಸಡಿಲಿಸಿ, ಹಳೆಯ ಕಾನೂನು ಅವಳಿಯಂತಿರಬೇಕಿಲ್ಲ, ಹಿಂದಿನ ತತ್ವ ಹೊಂದಿದರೆ ಸಾಕು ಎಂದಿತು. ಅಲ್ಲೂ ಮ್ಯಾಸಚೂಸೆಟ್ಸ್ ಕಾನೂನು ನೆರವಿಗೆ ಬಂತು. ಕಾರಣವಿಲ್ಲದೆ ಆಯುಧ ಹೊತ್ತು ತಿರುಗುವವನ ಬಗ್ಗೆ ಭಯಪಟ್ಟವರು ದೂರು ಕೊಟ್ಟರೆ, ಶಾಂತಿ ಕಾಪಾಡುತ್ತೇನೆಂದು ಅವನಿಂದ ಜಾಮೀನು ಬರೆಸಿಕೊಳ್ಳುವ 1836ರ ಕಾನೂನು ಅದು.

ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಈಗಲೂ ಮನೆಯೊಳಗಿನ ಕೋವಿಯ ಬಗ್ಗೆ ಕಾನೂನಿದೆ. 1998ರಲ್ಲಿ ಬಂದ ಅದರ ಪ್ರಕಾರ ಕೋವಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು ಅಥವಾ ಕೋವಿಗೇ ಬೀಗದ ಸಾಧನ ಇರಬೇಕು. 2010ರಲ್ಲಿ ರನ್ಯನ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಾಷಿಂಗ್ಟನ್ನಿನ ಕಾನೂನು ಬಿದ್ದು ಇದು ಉಳಿಯಲು ಒಂದು ಕಾರಣ ಪಠ್ಯದಲ್ಲೇ ಇದೆ: ಮಾಲೀಕ ಕೋವಿಯನ್ನು ಹಿಡಿದಿರುವಾಗ, ಅದು ಅವನ ಕೈಯಳತೆಯ ಹಿಡಿತದಲ್ಲಿರುವಾಗ ಬೀಗ ಬೇಡ. 1783ರಲ್ಲಿ ಬರೆಯದೆ ಬಿಟ್ಟ ಆ ಒಂದು ಸಾಲನ್ನು ಈ ಸಲ ಬರೆದಿದ್ದರು.